ಮಾರ್ಟಿನ್ನನ ಕಾರಿಗೆ ನಮ್ಮ ಈಡುಗಾಯಿ

ಕೆಲಸ ಮಾಡುವುದಕ್ಕಿಂತ ಕೆಲಸ ಮಾಡುವವರನ್ನು ನೋಡುತ್ತ ನಿಲ್ಲುವುದೇ ಹೆಚ್ಚು ಸುಖ ಎಂಬುದನ್ನು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಳಬಾಗಿಲಿನ ಯಾವುದಾದರೂ ಬೀದಿಗೆ ಒಂದು ಜೆಸಿಬಿ ಬಂದು ಚರಂಡಿ ಅಗೆಯಲು ಶುರುಮಾಡಿದರೆ ಸಾಕು, ಕೈಕಟ್ಟಿಕೊಂಡು ನಿಲ್ಲುವ ಗುಂಪೊಂದು ಎಲ್ಲಿಂದಲೋ ಉದ್ಭವವಾಗುತ್ತದೆ. ಅವರಲ್ಲಿ ತುರ್ತು ಕೆಲಸವೆಂದು ಮನೆಯಿಂದ ಹೊರಟವರೇ ಜಾಸ್ತಿ. "ಸ್ವಲ್ಪ ಎಡಕ್ಕೆ ತಗೊಳಪ್ಪ" ಎಂದು ಡ್ರೈವರಿಗೆ ಸಲಹೆ ಕೊಡುವವರೂ ಇರುತ್ತಾರೆ. ನಾನು ಆ ಗುಂಪಿನ ಹಳೆಯ ಸದಸ್ಯ. ಇಂಥವನ ಕೈಗೆ ಒಂದು ಮೊಬೈಲು ಕೊಟ್ಟು, ಅದರೊಳಗೆ ಜಗತ್ತಿನ ಮೂಲೆ ಮೂಲೆಯಲ್ಲಿ ಕೆಲಸ ಮಾಡುತ್ತಿರುವವರನ್ನೆಲ್ಲ ತುಂಬಿಸಿಟ್ಟರೆ ಏನಾಗಬೇಕೋ ಅದೇ ಆಯಿತು. ಯಾರೋ ಒಬ್ಬ ಪರದೇಶದವನು ತನ್ನ ಶೆಡ್ಡಿನಲ್ಲಿ ಕಾರು ಕಟ್ಟಿದ. ಅದನ್ನು ನೋಡುತ್ತ ಕೂತು ನಾನು ಬಾಲ್ಯದ ಗೆಳೆಯನನ್ನು ಕಳೆದುಕೊಂಡೆ. ಇದನ್ನು ಕೇಳಿ ನಗುವವರು ನಗಬಹುದು. ನನ್ನ ಹೆಂಡತಿ ಶಾರದ ಈಗಾಗಲೇ ನಕ್ಕು ಮುಗಿಸಿದ್ದಾಳೆ.

ಆ ಪರದೇಶದವನ ಹೆಸರು ಮಾರ್ಟಿನ್. ಯಾವುದೋ ಚಳಿ ದೇಶ. ವರ್ಷದ ಅರ್ಧ ಕಾಲ ಅವನ ಶೆಡ್ಡಿನ ಬಾಗಿಲ ಮುಂದೆ ಹಿಮ ಬಿದ್ದಿರುತ್ತದೆ. ಗುಜರಿಯಿಂದ ತಂದ ಒಂದು ಹಳೆಯ ಕಾರಿನ ಬಾಡಿಯನ್ನು ನಡುಮಧ್ಯಕ್ಕೆ ಕತ್ತರಿಸಿ, ಉದ್ದ ಮಾಡಿ, ಟಾಪು ತಗ್ಗಿಸಿ, ಭೂಮಿಯ ಮೇಲೆ ಇನ್ನೊಂದಿಲ್ಲದಂಥ ಕಾರು ಮಾಡುತ್ತೇನೆಂದು ಹೊರಟವನು ಅವನು. ಮಾಡಿದ್ದನ್ನೆಲ್ಲ ವಿಡಿಯೊ ತೆಗೆದು ವಾರಕ್ಕೊಂದು ಕಂತು ಹಾಕುತ್ತಿದ್ದ. ಒಂದೇ ವರ್ಷದಲ್ಲಿ ಮುಗಿಸುತ್ತೇನೆ ಎಂದು ಮೊದಲ ಕಂತಿನಲ್ಲಿ ಹೇಳಿದ್ದ. ನಮ್ಮಲ್ಲಿ ರಸ್ತೆ ಅಗೆಯುವವರೂ ಹಾಗೆಯೇ ಹೇಳುವುದರಿಂದ ನನಗೆ ಅವನ ಮೇಲೆ ಕೂಡಲೇ ಆತ್ಮೀಯತೆ ಬಂತು. ಆ ಒಂದು ವರ್ಷ ಎಳೆದೂ ಎಳೆದೂ ಆರೇಳು ವರ್ಷವಾಯಿತು. ಎಡಗಡೆಯ ಬಾಗಿಲೊಂದಕ್ಕೇ ಇಡೀ ಮಳೆಗಾಲ ಹೋಯಿತು. ಮುಚ್ಚಿದರೆ ತೆರೆಯುತ್ತಿರಲಿಲ್ಲ, ತೆರೆದರೆ ಮುಚ್ಚುತ್ತಿರಲಿಲ್ಲ. ಕೊನೆಗೊಂದು ದಿನ ಅದು ಟಕ್ಕೆಂದು ಮುಚ್ಚಿಕೊಂಡಾಗ ನಾನು ಕೂತಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. "ನಮ್ಮ ಬಚ್ಚಲುಮನೆ ಬಾಗಿಲ ಚಿಲಕ ಮುರಿದು ಎಷ್ಟು ಕಾಲ ಆಯ್ತು? ಒಳಗೆ ಹೋದೋರು ಹಾಡು ಹೇಳ್ಕೋತಾ ಇರಬೇಕು, ಯಾರೂ ಬರದೇ ಇರಲಿ ಅಂತ. ಅಲ್ಲೆಲ್ಲೋ ಯಾವನದೋ ಬಾಗಿಲು ಮುಚ್ಚಿದ್ದಕ್ಕೆ ಇಲ್ಲಿ ಚಪ್ಪಾಳೆ!" ಎಂದಳು ಶಾರದ. ಆ ಚಿಲಕ ಈಗಲೂ ಹಾಗೆಯೇ ಇದೆ. ನಮ್ಮ ಮನೆಯಲ್ಲಿ ಎಲ್ಲರ ಕಂಠವೂ ಸುಧಾರಿಸಿದೆ.

ನನ್ನದು ಟ್ಯಾಕ್ಸ್ ಕೆಲಸ. ಬಸ್ ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಕಂಪ್ಯೂಟರು. ಬೇರೆಯವರ ವ್ಯಾಪಾರವನ್ನು ಸರ್ಕಾರಕ್ಕೆ ಅರ್ಥವಾಗುವಂತೆ, ಆದರೆ ಪೂರ್ತಿ ಅರ್ಥವಾಗದಂತೆ, ಬರೆದುಕೊಡುವುದು ನನ್ನ ವೃತ್ತಿ. ಇದರಲ್ಲಿ ಕೈಯಿಂದ ಮುಟ್ಟಿ ತೋರಿಸುವಂಥದ್ದು ಏನೂ ಹುಟ್ಟುವುದಿಲ್ಲ. ಹೀಗಿರುವವನಿಗೆ ಕಬ್ಬಿಣ ಬಗ್ಗಿಸುವವನೊಬ್ಬನನ್ನು ನೋಡಿದರೆ ಆಗುವ ಸಂತೋಷವನ್ನು ಹೆಂಡತಿಗೆ ವಿವರಿಸಲು ಸಾಧ್ಯವಿಲ್ಲ. ಆದರೆ ನಾಣಿಗೆ ವಿವರಿಸಬೇಕಾಗಿರಲಿಲ್ಲ.

ನಾಣಿ ಎಂದರೆ ನಾರಾಯಣಸ್ವಾಮಿ, ದೇವರಾಯಸಮುದ್ರದವನು. ಟೊಮೊಟೊ, ಹಿಪ್ಪುನೇರಳೆ, ಒಂದಷ್ಟು ರಾಗಿ, ಜೊತೆಗೊಂದು ಹಳೆಯ ಟ್ರ್ಯಾಕ್ಟರು, ಇದು ಅವನ ಸಂಸಾರ. ಮಿಡ್ಲ್ ಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವರ ಮನೆಯ ದನದ ಕೊಟ್ಟಿಗೆಯ ಪಕ್ಕದಲ್ಲಿ ಅವನ ತಾತ ಯಾವ ಕಾಲದಲ್ಲೋ ಕೊಂಡ ಒಂದು ಕಾರು ಚಕ್ರವಿಲ್ಲದೆ ಸೈಜುಗಲ್ಲುಗಳ ಮೇಲೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಮುಂದಿನ ಸೀಟು ನಮ್ಮದು. ಸ್ಟೀರಿಂಗು ಯಾವಾಗಲೂ ನನ್ನ ಕೈಯಲ್ಲೇ ಇರುತ್ತಿತ್ತು. ಕಾರು ಅವರದು, ಸ್ಟೀರಿಂಗು ನನ್ನದು ಹೇಗಾಯಿತು ಎಂದು ನಾಣಿ ಯಾವತ್ತೂ ಕೇಳಲಿಲ್ಲ. ಅವನದು ಇಂಜಿನ್ನಿನ ಕೆಲಸ. ತುಟಿ ಸೇರಿಸಿ ಅವನು ಡುರ್ರೆಂದು ಶುರುಮಾಡಿದರೆ ಗೇರು ಬದಲಾದದ್ದು, ಹಳ್ಳ ಇಳಿದದ್ದು, ಆವನಿ ಬೆಟ್ಟದ ಏರಿನಲ್ಲಿ ಗಾಡಿಗೆ ದಮ್ಮು ಕಟ್ಟಿದ್ದು ಎಲ್ಲವೂ ಗೊತ್ತಾಗುತ್ತಿತ್ತು. ಆ ಕಾರಿನಲ್ಲಿ ನಾವು ಕೋಲಾರಕ್ಕೆ, ಮದರಾಸಿಗೆ, ಒಮ್ಮೆ ಲಂಡನ್ನಿಗೂ ಹೋಗಿ ಹಾಲು ಕರೆಯುವ ಹೊತ್ತಿಗೆ ವಾಪಸು ಬಂದಿದ್ದೇವೆ. ಆಮೇಲೆ ಅದು ಗುಜರಿಗೆ ಹೋಯಿತು, ನಾವು ಹೈಸ್ಕೂಲಿಗೆ ಹೋದೆವು. ಮಾರ್ಟಿನ್ನನ ಮೊದಲ ವಿಡಿಯೊದಲ್ಲಿ ಆ ತುಕ್ಕು ಹಿಡಿದ ಬಾಡಿಯನ್ನು ಕಂಡ ಕೂಡಲೇ ನಾನು ಅದನ್ನು ನಾಣಿಗೆ ಕಳಿಸಿದೆ. ಮರುನಿಮಿಷದಲ್ಲಿ ಫೋನು ಬಂತು. "ಲೇ ಸೀನ, ಇದು ನಮ್ಮ ಕೋಳಿ ಕಾರು ಕಣೋ!" ಎಂದು ಕಿವಿ ಹರಿದು ಹೋಗುವ ಹಾಗೆ ಕೂಗಿದ.

ಅಲ್ಲಿಂದ ನಮ್ಮ ಭಾನುವಾರಗಳು ಮಾರ್ಟಿನ್ನನ ಪಾಲಾದವು. ನಮ್ಮ ಮನೆಯ ಟಿವಿಯ ಮುಂದೆ ನನ್ನ ಹಕ್ಕು ಎಂದೋ ರದ್ದಾಗಿತ್ತು. ನಾಣಿಯ ಮನೆಯಲ್ಲಿ ಗೋಡೆಯಗಲದ ಟಿವಿ. ಬೆಳಿಗ್ಗೆ ನಾನು ಬಿಸಿಬಿಸಿ ತುಪ್ಪದ ದೋಸೆ ಕಟ್ಟಿಸಿಕೊಂಡು, ಸ್ಕೂಟರಿನ ಹ್ಯಾಂಡಲಿಗೆ ನೇತುಹಾಕಿ, ಕೆರೆ ಏರಿಯ ಮೇಲೆ ಹೋಗುತ್ತಿದ್ದೆ. ಮುಳಬಾಗಿಲಿನ ದೋಸೆ ದಪ್ಪ. ಕಟ್ಟಿಸಿಕೊಂಡು ಹೋದರೂ ಅದರ ಗರಿ ದೇವರಾಯಸಮುದ್ರದ ತನಕ ತಡೆಯುತ್ತದೆ. ನಾಣಿಯ ಹೆಂಡತಿ ಕಾಫಿ ಕೊಟ್ಟು, "ಇವತ್ತಾದ್ರೂ ಮುಗೀತಾ ಅಣ್ಣಾ ಅವನ ಕಾರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗುತ್ತಿದ್ದಳು. ನಾವು ಬಾಗಿಲು ಹಾಕಿಕೊಂಡು ಕೂರುತ್ತಿದ್ದೆವು. ಮಾರ್ಟಿನ್ನನ ಇಂಗ್ಲಿಷು ನನಗೇ ಅರ್ಧ ದಕ್ಕುತ್ತಿತ್ತು. ನಾಣಿ ಕೆಳಗಡೆ ಕನ್ನಡ ಅಕ್ಷರ ಬರುವ ಹಾಗೆ ಮಾಡಿಕೊಂಡಿದ್ದ. ಆ ಅಕ್ಷರಗಳನ್ನು ಬರೆಯುವುದು ಮನುಷ್ಯರಲ್ಲ, ಯಂತ್ರವಂತೆ. ಅದು ಯಂತ್ರವೇ ಎಂಬುದರಲ್ಲಿ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಬ್ರೇಕಿನ ಪೈಪಿನಿಂದ ಗಾಳಿ ತೆಗೆಯುವುದಕ್ಕೆ ಇಂಗ್ಲಿಷಿನಲ್ಲಿ 'ಬ್ಲೀಡ್' ಎನ್ನುತ್ತಾರಂತೆ. ಹಾಗೆಂದು ಮಾರ್ಟಿನ್ ಹೇಳಿದರೆ, ಕೆಳಗೆ "ನನ್ನ ಬ್ರೇಕುಗಳಿಗೆ ರಕ್ತಸ್ರಾವ ಆಗುತ್ತಿದೆ" ಎಂದು ಬರುತ್ತಿತ್ತು. "ಅಯ್ಯೋ ಪಾಪ, ಅರಿಶಿನ ಹಚ್ಚೋಕೆ ಹೇಳೋ" ಎನ್ನುತ್ತಿದ್ದ ನಾಣಿ. ನಗುನಗುತ್ತ ದೋಸೆ ಗಂಟಲಿಗೆ ಸಿಕ್ಕಿಕೊಂಡದ್ದಿದೆ. ಆ ನಗು ನನಗೆ ಬೇರೆ ಯಾವ ದಿನದಲ್ಲೂ, ಬೇರೆ ಯಾರ ಜೊತೆಯಲ್ಲೂ ಬರುತ್ತಿರಲಿಲ್ಲ ಎಂಬುದನ್ನು ಈಗ ಹೇಳಿ ಉಪಯೋಗವೇನು?

ಎರಡನೆಯದೋ ಮೂರನೆಯದೋ ವರ್ಷ ಮಾರ್ಟಿನ್ನನ ಕಾರಿನ ಚಾಸಿಯಲ್ಲಿ ಬಿರುಕು ಕಾಣಿಸಿತು. ಕೆಳಗೆ ಮಲಗಿ ಟಾರ್ಚು ಬಿಟ್ಟು ನೋಡಿದವನು ಎದ್ದು ಬಂದು, ಕ್ಯಾಮೆರಾದ ಮುಂದೆ ಕೂತ. ಇನ್ನು ನನ್ನ ಕೈಲಾಗದು, ಬಿಟ್ಟುಬಿಡೋಣ ಅನಿಸುತ್ತಿದೆ ಎಂದ. ಅವನ ನಾಯಿ ಬಂದು ಕಾಲ ಹತ್ತಿರ ಮಲಗಿತು. ನಾಣಿಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮುಳಬಾಗಿಲು ಸೀಮೆಯವರಿಗೆ ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಯೋಚಿಸುವ ಅಗತ್ಯವಿಲ್ಲ. ಅಂಗಡಿ ತೆರೆಯಲಿ, ಬೋರ್‌ವೆಲ್ ಕೊರೆಸಲಿ, ಮಗಳ ಮದುವೆ ಮಾಡಲಿ, ಚುನಾವಣೆಗೆ ನಿಲ್ಲಲಿ, ಮೊದಲು ಕುರುಡುಮಲೆ ಗಣಪತಿಗೆ ಹೇಳಿಯೇ ಮುಂದಿನ ಮಾತು. "ಅವನು ಅಲ್ಲಿ ಶುರು ಮಾಡೋವಾಗ ಯಾರಿಗೂ ಹೇಳಿಲ್ಲ ಕಣೋ, ಅದಕ್ಕೇ ಹಿಂಗಾಗಿರೋದು. ನಾವಾದ್ರೂ ಹೇಳಾನ ನಡಿ" ಎಂದ ನಾಣಿ. ನನಗೂ ಅದು ನ್ಯಾಯವೆನಿಸಿತು. ಇಬ್ಬರೂ ಓದಿದವರು, ಮಕ್ಕಳಿರುವವರು, ಒಬ್ಬನಂತೂ ಟ್ಯಾಕ್ಸಿನವನು. ಅದೇ ಸ್ಕೂಟರಿನಲ್ಲಿ ಡಬ್ಬಲ್ ಹೊಡೆದುಕೊಂಡು ಕುರುಡುಮಲೆಗೆ ಹೋದೆವು.

ಅರ್ಚಕರು ಹರಕೆ ಯಾರಿಗೆ ಎಂದು ಕೇಳಿದರು. ಮಾರ್ಟಿನ್ ಎಂದೆ. ಅವರು ಹುಬ್ಬು ಮೇಲೆತ್ತಿ ನೋಡಿದರೇ ಹೊರತು ಯಾರು ಏನು ಎಂದು ಕೇಳಲಿಲ್ಲ. ಅದು ಆ ಕ್ಷೇತ್ರದ ದೊಡ್ಡತನ. "ಜನ್ಮನಕ್ಷತ್ರ ಗೊತ್ತಾ?" ಎಂದರು. ಅವನ ದೇಶದಲ್ಲಿ ಅದನ್ನು ಇಟ್ಟುಕೊಳ್ಳುವುದಿಲ್ಲ ಎಂದೆ. "ಪರವಾಗಿಲ್ಲ, ಗೊತ್ತಿಲ್ಲದೋರಿಗೆ ಹೆಸರಿನ ಮೊದಲಕ್ಷರದ ಮೇಲೆ ಮಾಡ್ತೀವಿ. ಮಾ ಅಂದ್ರೆ ಮಖಾ ನಕ್ಷತ್ರ, ಸಿಂಹ ರಾಶಿ" ಎಂದು ತೀರ್ಮಾನಿಸಿದರು. ಆಮೇಲೆ ನಮ್ಮಿಬ್ಬರ ಹೆಸರು, ಗೋತ್ರ, ನಕ್ಷತ್ರ ಕೇಳಿದರು. ನಾನು ಮೊದಲು ನನ್ನದನ್ನು ಹೇಳಿದೆ. ನಾಣಿ ತನ್ನದನ್ನು ಹೇಳುತ್ತಿದ್ದಾಗ ನಾನು ಫೋನು ತೆಗೆದು, ಮಾರ್ಟಿನ್ ತನ್ನ ಹೆಸರನ್ನು ಮಾ ಎನ್ನುತ್ತಾನೋ ಮ ಎನ್ನುತ್ತಾನೋ ಎಂದು ಖಚಿತ ಮಾಡಿಕೊಳ್ಳಲು ಹಳೆಯ ವಿಡಿಯೊ ಒಂದನ್ನು ಕಿವಿಗೆ ಹಿಡಿದಿದ್ದೆ. ಕಾರು ಸ್ಟಾರ್ಟ್ ಆದ ಮೇಲೆ ನಾವಿಬ್ಬರೂ ಒಟ್ಟಿಗೆ ಬಂದು ಇಪ್ಪತ್ತೊಂದು ಈಡುಗಾಯಿ ಒಡೆಯುತ್ತೇವೆ ಎಂದು ಹರಕೆ ಹೊತ್ತೆವು. ಒಟ್ಟಿಗೆ ಎಂಬ ಮಾತನ್ನು ಸೇರಿಸಿದ್ದು ನಾಣಿ. ಮುಂದಿನ ವಾರದ ವಿಡಿಯೊದಲ್ಲಿ ಮಾರ್ಟಿನ್ ಚಾಸಿಯ ಬಿರುಕಿಗೆ ಪಟ್ಟಿ ಕೊಟ್ಟು ವೆಲ್ಡ್ ಮಾಡುತ್ತಿದ್ದ. ಯಾಕೋ ಹೊಸ ಹುರುಪು ಬಂದಿದೆ, ಕಾರಣ ಗೊತ್ತಿಲ್ಲ ಎಂದ. ನಾಣಿ ಟಿವಿಯ ಕಡೆ ಕೈಮುಗಿದು, "ಕಾರಣ ಮುಳಬಾಗಿಲು ತಾಲ್ಲೂಕಲ್ಲೈತೆ ಸ್ವಾಮಿ" ಎಂದ.

ಅಂದಿನಿಂದ ನಾನು ಪತ್ರಿಕೆಯಲ್ಲಿ ನನ್ನ ರಾಶಿ ನೋಡುವುದನ್ನು ಬಿಟ್ಟು ಸಿಂಹ ರಾಶಿ ನೋಡಲು ಶುರುಮಾಡಿದೆ. ಸಿಂಹಕ್ಕೆ ಧನವ್ಯಯ ಎಂದಿದ್ದ ವಾರ ಮಾರ್ಟಿನ್ ಹೊಸ ರೇಡಿಯೇಟರು ತರಿಸಿದ. ಸಿಂಹಕ್ಕೆ ದೇಹಾಲಸ್ಯ ಎಂದಿದ್ದ ವಾರ ಅವನಿಗೆ ಬೆನ್ನು ಹಿಡಿದುಕೊಂಡಿತು. ಒಮ್ಮೆ ಶಾರದ, "ನಿಮ್ಮದೇನಂತೆ ಇವತ್ತು?" ಎಂದು ಕೇಳಿದಾಗ, "ವಾಹನ ಯೋಗ" ಎಂದುಬಿಟ್ಟೆ. ಪಾಪ, ಅವಳು ಎರಡು ದಿನ ಖುಷಿಯಾಗಿದ್ದಳು.

ಎಲ್ಲ ಸರಿಯಾಗಿ ನಡೆಯುತ್ತಿದ್ದಾಗ ಮಾರ್ಟಿನ್ ಒಂದು ಕಡ್ಡಿ ಗೀರಿದ. ಮೊದಲು ಹಾಕಬೇಕೆಂದಿದ್ದ ದೊಡ್ಡ ಪೆಟ್ರೋಲ್ ಇಂಜಿನ್ನನ್ನು ಬಿಟ್ಟು ಬ್ಯಾಟರಿಯ ಮೋಟರು ಹಾಕಲೇ ಎಂದು ನೋಡುಗರನ್ನೇ ಕೇಳಿದ. ನಾಣಿ ಕಾಫಿ ಲೋಟ ಕೆಳಗಿಟ್ಟ. "ಅಷ್ಟು ವರ್ಷ ಒದ್ದಾಡಿ ಗಾಡಿ ಕಟ್ಟಿ, ಕೊನೆಗೆ ಫ್ರಿಜ್ಜಿನ ಮೋಟರು ಹಾಕ್ತಾನಾ? ಸದ್ದಿಲ್ದೇ ಇದ್ರೆ ಅದು ಗಾಡಿನೇನೋ?" ಎಂದ. ನಾನು ಮೋಟರಿನ ಪರ. ಯಾಕೆಂದು ಕೇಳಿದರೆ ಈಗ ಸರಿಯಾಗಿ ಹೇಳಲಾರೆ. ಒಂದು ಲೇಖನ ಓದಿದ್ದೆ. ನಾಣಿ ಇಂಜಿನ್ ಎಂದಿದ್ದರಿಂದಲೂ ಇರಬಹುದು. ವಾರಗಟ್ಟಲೆ ವಾದ ನಡೆಯಿತು. ನಾನು ಹೊಗೆ ಎಂದರೆ ಅವನು ಸದ್ದು ಎನ್ನುವನು. ನಾನು ಕಾಲ ಬದಲಾಗಿದೆ ಎಂದರೆ ಅವನು, "ಒರೇಯ್, ಕಾಲ ಬದಲಾಯ್ತು ಅಂತ ಹೆಂಡ್ತಿ ಗೊಣಗೋದು ನಿಲ್ಲಿಸ್ತಾಳೇನೋ? ಸದ್ದಿದ್ರೇನೇ ಜೀವ ಇರೋದು" ಎನ್ನುವನು. ಕಾರು ಇನ್ನೊಬ್ಬನದು, ದೇಶ ಇನ್ನೊಂದು, ನಾವಿಬ್ಬರೂ ಅದರಲ್ಲಿ ಈ ಜನ್ಮದಲ್ಲಿ ಕೂರುವವರಲ್ಲ. ಆದರೂ ಕಂಬಳಿಹುಳು ಮುಟ್ಟಿದವರ ಹಾಗೆ ಇಬ್ಬರಿಗೂ ಮೈಯೆಲ್ಲ ಉರಿ.

ಆಗ ನಾನು ಒಂದು ಕಾಮೆಂಟು ಬರೆದೆ. ಇಂಗ್ಲಿಷಿನಲ್ಲಿ, ನಿಘಂಟು ನೋಡಿಕೊಂಡು, ಆಫೀಸಿನಲ್ಲಿ ಒಂದು ಇಡೀ ಮಧ್ಯಾಹ್ನ ಕೂತು ಬರೆದೆ. ಮೋಟರನ್ನೇ ಹಾಕಿ, ಭವಿಷ್ಯ ಅದರಲ್ಲೇ ಇದೆ ಎಂದೆ. ಬರೀ ಅಷ್ಟೇ ಬರೆದರೆ ಸಾವಿರಾರು ಕಾಮೆಂಟುಗಳ ನಡುವೆ ನನ್ನದನ್ನು ಯಾರು ನೋಡುತ್ತಾರೆ? ಸ್ವಲ್ಪ ತಮಾಷೆ ಇರಲಿ ಎಂದು ಇನ್ನೊಂದು ಸಾಲು ಸೇರಿಸಿದೆ. ಅದರಲ್ಲಿ ತಪ್ಪೇನಿತ್ತು ಎಂದು ನಾನು ಇವತ್ತಿಗೂ ಕೇಳುತ್ತೇನೆ. ಶಾರದ ಉತ್ತರ ಕೊಡುತ್ತಾಳೆ, ಅದು ಬೇರೆ ಮಾತು.

ಆ ಭಾನುವಾರ ಎಂದಿನಂತೆ ದೋಸೆ ಬಿಚ್ಚಿಕೊಂಡು ಕೂತಿದ್ದೆವು. ಮಾರ್ಟಿನ್ ಮೋಟರು ಹಾಕುವುದೆಂದು ನಿರ್ಧಾರ ಹೇಳಿ, ಕೆಲವು ಕಾಮೆಂಟುಗಳನ್ನು ಓದುತ್ತೇನೆ ಎಂದ. "ಇಂಡಿಯಾದಿಂದ ಶ್ರೀನಿವಾಶ್" ಎಂದ ಕೂಡಲೇ ನಾನು ಎದ್ದು ನಿಂತೆ. ನಾಣಿ ನನಗಿಂತ ಮೊದಲು ಚಪ್ಪಾಳೆ ಹೊಡೆದ. ಒಳಗಿದ್ದ ಹೆಂಡತಿಯನ್ನು ಕೂಗಿದ. "ಬಾರೇ, ಬೇಗ ಬಾ, ನಮ್ಮ ಸೀನನ ಹೆಸರು ಹೇಳ್ತಾವ್ನೆ ಅವನು!" ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಮಾರ್ಟಿನ್ ಓದಿ ಮುಗಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಕೆಳಗೆ ಅಕ್ಷರಗಳು ಬಂದವು: "ನನಗೆ ಒಬ್ಬ ರೈತ ಸ್ನೇಹಿತನಿದ್ದಾನೆ. ಅವನಿಗೆ ಟ್ರ್ಯಾಕ್ಟರಿನ ಸದ್ದು ಬಿಟ್ಟರೆ ಬೇರೇನೂ ಅರ್ಥವಾಗುವುದಿಲ್ಲ. ಅವನ ಮಾತು ಕೇಳಬೇಡಿ." ವರ್ಷಗಟ್ಟಲೆ ಒಂದು ವಾಕ್ಯವನ್ನೂ ನೆಟ್ಟಗೆ ಕನ್ನಡ ಮಾಡಲಾರದ ಆ ಹಾಳು ಯಂತ್ರ, ಅವತ್ತು ಒಂದು ಅಕ್ಷರ ಆಚೆ ಈಚೆ ಇಲ್ಲದೆ ಬರೆದಿತ್ತು. ಬ್ರೇಕಿಗೆ ರಕ್ತ ಬರಿಸಿದ್ದು ಅದೇ ಯಂತ್ರ. ನನ್ನ ಮಾತನ್ನು ಮಾತ್ರ ಅದು ಯಾಕೆ ಕೆಡಿಸಲಿಲ್ಲ?

ನಾಣಿ ಏನೂ ಕೂಗಾಡಲಿಲ್ಲ. ಅವನ ಹೆಂಡತಿ ಒಳಗೆ ಹೋದಳು. ಅವನು ರಿಮೋಟು ತಗೊಂಡು ಟಿವಿ ಆರಿಸಿ, ತಟ್ಟೆಯಲ್ಲಿ ಉಳಿದಿದ್ದ ದೋಸೆಯನ್ನು ಮತ್ತೆ ಎಲೆಯಲ್ಲಿ ಸುತ್ತಿ, ದಾರ ಕಟ್ಟಿ, ನನ್ನ ಕೈಗೆ ಕೊಟ್ಟ. "ತಗೊಂಡು ಹೋಗಪ್ಪ. ಸದ್ದು ಮಾಡ್ದೇ ತಿನ್ನು" ಎಂದ. ತಮಾಷೆಗೆ ಬರೆದದ್ದು ಕಣೋ ಎಂದೆ. "ನಗೋರು ನಕ್ಕರಲ್ಲ" ಎಂದ. ನಾನು ಸ್ಕೂಟರು ಹತ್ತಿ ಬಂದೆ. ಅದು ಒಂದು ಕಿಕ್ಕಿಗೆ ಸ್ಟಾರ್ಟ್ ಆಗಲಿಲ್ಲ. ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಹಿಂದೆಲ್ಲ ಹಾಗಾದಾಗ ಬಂದು ತಾನೇ ಒದೆಯುತ್ತಿದ್ದ.

ನಾನು ಕ್ಷಮೆ ಕೇಳಬೇಕಿತ್ತು ಎಂದು ಶಾರದ ಹೇಳುತ್ತಾಳೆ. "ಅವನು ಅಲ್ಲಿ ಒಂದೊಂದೇ ಬೋಲ್ಟು ಹಾಕಿ ಕಾರು ಕಟ್ಟಿದ. ನೀವು ಇಲ್ಲಿ ಒಂದೇ ಸಾಲಲ್ಲಿ ಎಲ್ಲಾ ಬಿಚ್ಚಿ ಹಾಕಿದ್ರಿ" ಎನ್ನುತ್ತಾಳೆ. ಹೆಂಗಸರಿಗೆ ಇವೆಲ್ಲ ಸುಲಭ. ಐವತ್ತು ದಾಟಿದ ಇಬ್ಬರು ಗಂಡಸರು ಮುನಿಸಿಕೊಂಡರೆ ಅದಕ್ಕೆ ತನ್ನದೇ ಗಾಂಭೀರ್ಯವಿರುತ್ತದೆ. ಅವನು ಮಾಡಲಿ ಎಂದು ನಾನು, ನಾನು ಮಾಡಲಿ ಎಂದು ಅವನು, ಹೀಗೆ ವಾರಗಳು ಹೋದವು. ಆದರೆ ಒಳಗೊಳಗೆ ನನಗೊಂದು ಧೈರ್ಯವಿತ್ತು. ಅದನ್ನು ಶಾರದಳಿಗೂ ಹೇಳಿರಲಿಲ್ಲ. ಹರಕೆ ಇತ್ತಲ್ಲ! ಮಾರ್ಟಿನ್ನನ ಕಾರು ಇವತ್ತಲ್ಲ ನಾಳೆ ಸ್ಟಾರ್ಟ್ ಆಗಲೇಬೇಕು. ಇಬ್ಬರೂ ಒಟ್ಟಿಗೆ ಬರುತ್ತೇವೆ ಎಂದು ಕುರುಡುಮಲೆ ಗಣಪತಿಯ ಮುಂದೆ ಹೇಳಿದ್ದೇವೆ. ಮನುಷ್ಯರ ಹತ್ತಿರ ಹಟ ಮಾಡಬಹುದು, ಆ ದೇವರ ಹತ್ತಿರ ಈ ಸೀಮೆಯಲ್ಲಿ ಯಾರೂ ಹಟ ಮಾಡುವುದಿಲ್ಲ. ನಾಣಿ ಫೋನು ಮಾಡಿಯೇ ಮಾಡುತ್ತಾನೆ. ಆಗ ನಾನು ಸ್ವಲ್ಪ ಬಿಗಿಯಾಗಿ "ಹಲೋ" ಎನ್ನಬೇಕೆಂದೂ ಅಭ್ಯಾಸ ಮಾಡಿಕೊಂಡಿದ್ದೆ.

ಕಾರು ಸ್ಟಾರ್ಟ್ ಆಗುವ ದಿನ ಬಂತು. ಆಫೀಸಿನಲ್ಲಿ ಒಬ್ಬನೇ ಮೊಬೈಲಿನಲ್ಲಿ ನೋಡಿದೆ. ಮಾರ್ಟಿನ್ ಹೊಸ ಅಂಗಿ ಹಾಕಿಕೊಂಡಿದ್ದ. ನಾಯಿಗೂ ಕೊರಳಿಗೆ ಏನೋ ಕಟ್ಟಿದ್ದ. ಒಳಗೆ ಕೂತು ಒಂದು ಗುಂಡಿ ಒತ್ತಿದ. ಏನೂ ಆಗಲಿಲ್ಲ. ಕೆಟ್ಟಿತು ಎಂದುಕೊಂಡೆ. ನೋಡಿದರೆ ಕಾರು ಮೆಲ್ಲಗೆ ಮುಂದಕ್ಕೆ ಹೋಗುತ್ತಿದೆ! ಶೆಡ್ಡಿನಿಂದ ಆಚೆ, ಹಿಮದ ಮೇಲೆ, ಬೆಕ್ಕು ಹೋದ ಹಾಗೆ ಹೋಯಿತು. ಮಾರ್ಟಿನ್ ಅಳುತ್ತಿದ್ದ. ನನಗೂ ಅಳು ಬಂತು, ಆದರೆ ಸಂತೋಷಕ್ಕಲ್ಲ. ಗೆದ್ದವನು ನಾನು, ನನ್ನ ಮೋಟರೇ ಓಡುತ್ತಿತ್ತು. ಆದರೂ ಏನೋ ಒಂದು ಇಲ್ಲ, ಏನೋ ಬಿಟ್ಟುಹೋಗಿದೆ ಎನಿಸಿತು. ಏನೆಂದು ಆಮೇಲೆ ಹೊಳೆಯಿತು. ಆ ಕಾರಿಗೆ ನಾಣಿಯ ಬಾಯಿ ಇರಲಿಲ್ಲ. ಅವನು ಇಂಜಿನ್ನಿಗಾಗಿ ಅಷ್ಟು ಜಗಳವಾಡಿದ್ದು ಯಾಕೆಂದು ಕೋಳಿ ಕಾರಿನಲ್ಲಿ ಅವನ ಪಕ್ಕದಲ್ಲಿ ಕೂತಿದ್ದ ನನಗೆ ಗೊತ್ತಾಗಬೇಕಿತ್ತು.

ಫೋನು ಬರಲಿಲ್ಲ. ಸದ್ದಿಲ್ಲದ ಕಾರು ಸ್ಟಾರ್ಟ್ ಆದ ಹಾಗೆ ಲೆಕ್ಕವೋ ಇಲ್ಲವೋ ಎಂದು ಅವನು ಯೋಚಿಸುತ್ತಿರಬಹುದು ಎಂದು ಕಾದೆ. ಟೊಮೊಟೊ ಕೊಯ್ಲಿನ ಗಡಿಬಿಡಿ ಇರಬಹುದು ಎಂದು ಕಾದೆ. 'ನೀವೆಲ್ಲ ನನ್ನ ಕುಟುಂಬದವರೇ' ಎಂದು ನಮಗೆಲ್ಲ ಕೈಬೀಸಿ, ಮಾರ್ಟಿನ್ ಆ ಕಾರನ್ನು ಯಾವನೋ ಶ್ರೀಮಂತನಿಗೆ ಮಾರಿಯೂಬಿಟ್ಟ. ಅಷ್ಟರಲ್ಲಿ ನನ್ನ ಸ್ಕೂಟರಿನ ಕ್ಲಚ್ಚು ಹೋಯಿತು, ಶಾರದಳ ಮಂಡಿ ನೋವು ಜಾಸ್ತಿಯಾಯಿತು, ಆಫೀಸಿನ ಕಂಪ್ಯೂಟರು ಕೈಕೊಟ್ಟಿತು. ಹರಕೆ ತೀರಿಸದೆ ಇಟ್ಟುಕೊಂಡರೆ ಆಗುವುದು ಹೀಗೆಯೇ ಎಂದು ಎಲ್ಲರಿಗೂ ಗೊತ್ತು. ಕೊನೆಗೆ ಹೊಸ ಕ್ಲಚ್ಚು ಹಾಕಿಸಿದ ಸ್ಕೂಟರಿನ ಮುಂದೆ ಕಾಯಿಯ ಚೀಲ ಇಟ್ಟುಕೊಂಡು ಒಬ್ಬನೇ ಕುರುಡುಮಲೆಗೆ ಹೋದೆ. ನಾಣಿಯ ಪಾಲನ್ನೂ ನಾನೇ ಒಡೆದು, ಆಮೇಲೆ ಅವನಿಗೆ ಹೇಳಿ, ಅದರ ನೆಪದಲ್ಲಿ ಮಾತು ಶುರುಮಾಡುವುದೆಂದು ಎಣಿಸಿದ್ದೆ. ನೋಡು, ನಿನ್ನ ಹರಕೆಯನ್ನೂ ತೀರಿಸಿದ್ದೇನೆ ಎಂದರೆ ಯಾವನಾದರೂ ಕರಗಲೇಬೇಕಲ್ಲ.

ಅದೇ ಅರ್ಚಕರು. ಪರದೇಶದವನ ಹರಕೆ ಎಂದ ಕೂಡಲೇ ಅವರಿಗೆ ನೆನಪಾಯಿತು. "ಜೊತೆಯವರು ಬರಲಿಲ್ವಾ?" ಎಂದರು. ಅವನಿಗೆ ಹುಷಾರಿಲ್ಲ ಎಂದೆ. "ಹಾಗಾದ್ರೆ ಅವರ ಹೆಸರು, ನಕ್ಷತ್ರ ಹೇಳಿ" ಎಂದರು. ಹೆಸರು ನಾರಾಯಣಸ್ವಾಮಿ ಎಂದೆ. ನಕ್ಷತ್ರ ಬಾಯಿಗೆ ಬರಲಿಲ್ಲ. ಒಂದು ನಿಮಿಷ ಎಂದು ಕಂಬದ ಪಕ್ಕಕ್ಕೆ ಹೋಗಿ ಫೋನು ಮಾಡಿದೆ. ಬಿಗಿಯಾದ ಹಲೋ ಮರೆತೇಹೋಗಿತ್ತು.

"ಯಾರು?" ಎಂದ ನಾಣಿ. ನನ್ನ ನಂಬರು ತೆಗೆದುಹಾಕಿದ್ದ.

"ನಾನು ಕಣೋ, ಸೀನ."

"ಓ. ಹೇಳಪ್ಪ."

"ನಿನ್ನ ನಕ್ಷತ್ರ ಯಾವುದೋ?"

"ಯಾಕೆ, ಹೆಣ್ಣು ನೋಡಿದೀಯಾ ನನಗೆ?"

ಆ ಮಾತಿಗೆ ನನಗೆ ಹೋದ ಜೀವ ಬಂದ ಹಾಗಾಯಿತು. ನಕ್ಕೆ. ಆ ಕಡೆಯಿಂದ ನಗು ಬರಲಿಲ್ಲ. ಕುರುಡುಮಲೆಯಲ್ಲಿದ್ದೇನೆ, ಮಾರ್ಟಿನ್ನನ ಹರಕೆ ತೀರಿಸಲು ಬಂದಿದ್ದೇನೆ ಎಂದೆ.  ಹಿಂದೆ ಯಾರೋ ಟೊಮೊಟೊ ಬಾಕ್ಸುಗಳನ್ನು ಗಾಡಿಗೆ ಎತ್ತಿ ಹಾಕುತ್ತಿದ್ದ ಸದ್ದು ಕೇಳಿಸುತ್ತಿತ್ತು.

"ಅದನ್ನ ನಾನು ಆವಾಗ್ಲೇ ತೀರಿಸಿಬಿಟ್ಟೆನಲ್ಲ. ಗಾಡಿ ಸ್ಟಾರ್ಟ್ ಆದ ಮಾರನೇ ದಿನಾನೇ ಹೋಗಿದ್ದೆ. ಬೇರೆ ಐನೋರಿದ್ರು."

"ಒಬ್ಬನೇನಾ? ಇಬ್ಬರೂ ಒಟ್ಟಿಗೆ ಅಂತ ಹೇಳಿದ್ವಲ್ಲೋ."

"ಇಬ್ಬರ ಹೆಸರಲ್ಲೂ ಹೊಡೆದೆ. ನಿಂದು ವಿಶಾಖ, ತುಲಾ ರಾಶಿ, ಭಾರದ್ವಾಜ ಗೋತ್ರ. ತಪ್ಪೇನಿಲ್ವಲ್ಲ?"

"ತಪ್ಪಿಲ್ಲ."

"ಸರಿ ಮತ್ತೆ. ದೇವ್ರದ್ದು ಬಾಕಿ ಮಡಿಕೋಬಾರ್ದು. ಇನ್ನು ನಿನಗೂ ನನಗೂ ಮಧ್ಯ ಏನೂ ಉಳಿದಿಲ್ಲ. ಗಾಡಿ ಹೊರಡ್ತಾ ಐತೆ, ಇಡ್ತೀನಿ." ಇಟ್ಟೇಬಿಟ್ಟ.

ಇಷ್ಟು ದಿನ ನಾನು ಯಾವ ಹಗ್ಗವನ್ನು ಹಿಡಿದುಕೊಂಡು ಕೂತಿದ್ದೆನೋ ಅದರ ಆ ಕಡೆಯ ತುದಿಯನ್ನು ಅವನು ಎಂದೋ ಬಿಚ್ಚಿಟ್ಟು ಹೋಗಿದ್ದ. ಅದೂ ಶಾಸ್ತ್ರೋಕ್ತವಾಗಿ, ನನ್ನ ಗೋತ್ರ ಸಮೇತ. ನನ್ನ ಮೇಲಿನ ಸಿಟ್ಟಿಗೆ ನನ್ನ ಪಾಲಿನ ಕಾಯಿ ಒಡೆಯದೆ ಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಸಿಟ್ಟಾದರೂ ಉಳಿದಿದೆ ಎಂದು ತಿಳಿದುಕೊಳ್ಳುತ್ತಿದ್ದೆ.

ಹರಕೆ ಮೊದಲೇ ತೀರಿದೆಯಂತೆ ಎಂದು ಅರ್ಚಕರಿಗೆ ಹೇಳಿ ಚೀಲ ಎತ್ತಿಕೊಂಡೆ. "ದೇವರಿಗೆ ಅಂತ ತಂದ ಕಾಯಿ ವಾಪಸ್ ತಗೊಂಡು ಹೋಗಬೇಡಿ. ಮನಸ್ಸಲ್ಲಿ ಇನ್ನೇನಾದ್ರೂ ಇದ್ರೆ ಹೇಳಿ, ಸಂಕಲ್ಪ ಮಾಡ್ಬಿಡೋಣ" ಎಂದರು. ಮನಸ್ಸಲ್ಲಿತ್ತು. ಚೀಲವನ್ನು ಮತ್ತೆ ಕೆಳಗಿಟ್ಟೆ.

"ಒಬ್ಬ ಸ್ನೇಹಿತ ಮಾತು ಬಿಟ್ಟಿದ್ದಾನೆ. ಮಾತಾಡೋ ಹಾಗಾಗಲಿ ಅಂತ."

"ಒಳ್ಳೇದು. ಅದೇ ನಾರಾಯಣಸ್ವಾಮಿ ಅವರಾ? ನಕ್ಷತ್ರ ಕೇಳಿದ್ರಲ್ಲ, ಏನಂದ್ರು?"

ಅದನ್ನು ಕೇಳುವುದಕ್ಕೇ ಫೋನು ಮಾಡಿದ್ದೆ. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಗೊತ್ತಾಗಿತ್ತು. ಮತ್ತೆ ಮಾಡಿದರೆ ಎತ್ತುತ್ತಾನೆಂಬ ನಂಬಿಕೆ ಇರಲಿಲ್ಲ. ಮಾರ್ಟಿನ್ನನ ನಾಯಿಯ ಹುಟ್ಟುಹಬ್ಬ ನನಗೆ ಗೊತ್ತು. ಅವನ ಎಡಗೈ ಹೆಬ್ಬೆರಳಿಗೆ ಗಾಯವಾದದ್ದು ಯಾವ ಕಂತಿನಲ್ಲಿ ಎಂದು ನಿದ್ದೆಗಣ್ಣಿನಲ್ಲೂ ಹೇಳುತ್ತೇನೆ. ಅವನ ಕಾರಿನ ಮುಂದಿನ ಚಕ್ರಕ್ಕೆ ಯಾವ ಸೈಜಿನ ಸ್ಪ್ಯಾನರು ಬೇಕೆಂದೂ ಗೊತ್ತು.

"ಗೊತ್ತಿಲ್ಲ" ಎಂದೆ.

"ಹೊಸ ಪರಿಚಯವಾ?"

"ಚಿಕ್ಕಂದಿನಿಂದ."

ಅರ್ಚಕರು ನನ್ನನ್ನು ಒಂದು ಕ್ಷಣ ನೋಡಿದರು. ಮಾರ್ಟಿನ್ನನ ಹೆಸರು ಹೇಳಿದಾಗಲೂ ಅವರು ಹಾಗೆ ನೋಡಿರಲಿಲ್ಲ. "ಪರವಾಗಿಲ್ಲ ಬಿಡಿ. ಗೊತ್ತಿಲ್ಲದೋರಿಗೆ ಹೆಸರಿನ ಮೊದಲಕ್ಷರದ ಮೇಲೆ ಮಾಡ್ತೀವಿ. ನಾ ಅಂದ್ರೆ ಅನೂರಾಧ, ವೃಶ್ಚಿಕ ರಾಶಿ" ಎಂದು ಮಂತ್ರ ಶುರುಮಾಡಿದರು. ಮಾರ್ಟಿನ್ನನಿಗೆ ಮಾಡಿದ ವ್ಯವಸ್ಥೆಯೇ ನಾಣಿಗೂ ಆಯಿತು. ಕಾಯಿಗಳನ್ನು ಒಂದೊಂದಾಗಿ ಒಡೆದೆ. ಒಂದೊಂದೂ ದೊಡ್ಡ ಸದ್ದು ಮಾಡಿಯೇ ಒಡೆಯಿತು. ಮೆಚ್ಚುವವನು ಪಕ್ಕದಲ್ಲಿರಲಿಲ್ಲ.

ಈಗ ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ಸಿಂಹವನ್ನು ದಾಟಿಕೊಂಡು ಹೋಗಿ ವೃಶ್ಚಿಕ ನೋಡುತ್ತೇನೆ. ಮೊನ್ನೆ ಭಾನುವಾರ ವೃಶ್ಚಿಕಕ್ಕೆ 'ಹಳೆಯ ಮಿತ್ರರ ಭೇಟಿ, ಮನಸ್ತಾಪ ದೂರ' ಎಂದಿತ್ತು. ದೋಸೆ ಕಟ್ಟಿಸಿಕೊಂಡು ಬಂದು ಸಂಜೆಯ ತನಕ ಬಾಗಿಲ ಕಡೆ ನೋಡುತ್ತ ಕೂತಿದ್ದೆ. ನಾಣಿ ಬರಲಿಲ್ಲ. ಅವನ ರಾಶಿ ವೃಶ್ಚಿಕ ಅಲ್ಲವೇನೋ.